ಬ್ನೇ ಬ್ರಾಕ್‌ಗೆ ಬಂದ ತಂಗಿಗೆ

ಬೆಳ್ಮಣ್ಣಿನಿಂದ ಇಸ್ರೇಲಿಗೆ ಬಂದು ಬ್ನೇ ಬ್ರಾಕ್‌ನಲ್ಲಿ ಯಹೂದಿ ಅಜ್ಜನೊಬ್ಬರನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರಿದ್ದೀಯ. "ಅಕ್ಕಾ, ಅಜ್ಜ ಟಾಯ್ಲೆಟ್‌ಗೆ ಹೋಗಿ ಕೈ ತೊಳೆದು ಬಂದ ಮೇಲೂ ನಿಂತು ಏನೋ ಪ್ರಾರ್ಥನೆ ಹೇಳ್ತಾರೆ, ಆಗ ಹಿಡಿದ ಕೈ ಬಿಡಬೇಕಾ? ಚಳಿ, ಊಟ, ರಜೆ ಹೇಗೆ?" ಅಂತ ಕೇಳಿದ್ದೀಯ.

ಚಳಿಗೆ ಒಂದು ದಪ್ಪ ಸ್ವೆಟರ್ ಸಾಕು. ರಜೆ ಬಗ್ಗೆ ಒಪ್ಪಂದದ ಕಾಗದ ಓದಿಕೋ. ಮಾಂಸದ ಪಾತ್ರೆ, ಹಾಲಿನ ಪಾತ್ರೆ ಬೆರೆಸಬೇಡ. ಸಿಗಡಿ, ಏಡಿ ಆಸೆ ಆ ಮನೆಯೊಳಗೆ ಬೇಡವೇ ಬೇಡ. ಶುಕ್ರವಾರ ಸಂಜೆ ಹಾಕಿದ ಬಾತ್‌ರೂಮ್ ಲೈಟನ್ನು ಶನಿವಾರ ಕತ್ತಲಾಗುವ ತನಕ ಆರಿಸಬೇಡ; ಅದು ಅವರ ಸಬ್ಬತ್, ಅಂದರೆ ವಿಶ್ರಾಂತಿಯ ದಿನ, ಸ್ವಿಚ್ ಮುಟ್ಟುವುದಿಲ್ಲ. ಕರೆಂಟ್ ಬಿಲ್ಲಿಗೆ ಹೆದರಿ ಬೆಳೆದ ಕೈ ನಮ್ಮದು, ತಾನಾಗಿ ಸ್ವಿಚ್ಚಿಗೆ ಹೋಗುತ್ತದೆ.

ಇನ್ನು ಆ ಪ್ರಾರ್ಥನೆ. ಅದರ ಹೆಸರು 'ಅಶೆರ್ ಯಾತ್ಸರ್', ಅವರ ಪ್ರಾಚೀನ ಧರ್ಮಗ್ರಂಥವಾದ ತಾಲ್ಮುದ್‌ ಕಾಲದಿಂದ ಬಂದದ್ದು. ಬಂದ ಹೊಸತರಲ್ಲಿ ನನಗೂ ಮುಜುಗರವಾಗಿತ್ತು, ಅಂಥ ಜಾಗದಿಂದ ಬಂದ ಕೂಡಲೇ ದೇವರ ಹೆಸರೇ ಅಂತ. ನಾನು ನೋಡಿಕೊಳ್ಳುವ ಅಜ್ಜನ ಮಗಳು ಅರ್ಥ ಹೇಳಿದಳು: ದೇವರು ಮನುಷ್ಯನ ಮೈಯಲ್ಲಿ ರಂಧ್ರಗಳನ್ನೂ ಟೊಳ್ಳುಗಳನ್ನೂ ಇಟ್ಟಿದ್ದಾನೆ, ತೆರೆಯಬಾರದ್ದು ತೆರೆದರೆ, ಕಟ್ಟಬಾರದ್ದು ಕಟ್ಟಿಕೊಂಡರೆ ನಾವು ಬದುಕಿ ನಿಲ್ಲಲಾರೆವು. ಬೆಳಿಗ್ಗೆ ಕಣ್ಣು ಬಿಟ್ಟ ಕೂಡಲೇ ಒಂದು ಕೃತಜ್ಞತೆ, ರೊಟ್ಟಿಗೆ ಒಂದು, ಗುಡುಗಿಗೆ ಒಂದು. ಹೀಗೆ ದಿನಕ್ಕೆ 100 ಹೇಳಬೇಕು ಅನ್ನುವುದು ಅವರ ಸಂಪ್ರದಾಯ. ದಿನಕ್ಕೆ ಮೂರು ಹೊತ್ತು ಮಾಡುವ ಪ್ರಾರ್ಥನೆಯಲ್ಲೂ 'ದಿನದಿನವೂ ನಮ್ಮ ಜೊತೆಗಿರುವ ನಿನ್ನ ಪವಾಡಗಳಿಗಾಗಿ' ಅಂತ ಬರುತ್ತದೆ.

ಒಮ್ಮೆ ಅಜ್ಜನಿಗೆ ಮೂತ್ರ ಕಟ್ಟಿ ನಳಿಗೆ ಹಾಕಿದ್ದರು. ಅದನ್ನು ತೆಗೆದ ಮೇಲೆ ಮೊದಲ ಸಲ ತಾವೇ ಹೋಗಿ ಬಂದರು. ಕೈ ತೊಳೆದರು. ಒಂದು ಕೈ ಬಾಗಿಲ ಚೌಕಟ್ಟಿನ ಮೇಲೆ, ಇನ್ನೊಂದು ನನ್ನ ಮಣಿಕಟ್ಟಿನ ಮೇಲೆ. ಎಂದಿನ ಗುಣುಗು ಅಲ್ಲ, ಒಂದೊಂದೇ ಪದ ಬಿಡಿಸಿ ಜೋರಾಗಿ ಹೇಳಿದರು. ಮಣಿಕಟ್ಟು ನೋಯುವಷ್ಟು ಬಿಗಿಯಾಗಿ ಹಿಡಿದಿದ್ದರು.

ಅದೇ ವರ್ಷ ಊರಲ್ಲಿ ನನ್ನ ಅಪ್ಪನಿಗೆ ಕಿಡ್ನಿ ಕೆಟ್ಟು ಮಂಗಳೂರಿನಲ್ಲಿ ಡಯಾಲಿಸಿಸ್ ನಡೀತಿತ್ತು. ದುಡ್ಡು ನಾನು ಕಳಿಸಿದೆ, ಹಿಡಿದು ನಿಲ್ಲಿಸಿದ್ದು ಪಕ್ಕದ ಮನೆಯ ಹುಡುಗ. ಅಪ್ಪ ಹೋದಾಗಲೂ ನಾನು ಇಲ್ಲೇ. ಮನೆ ಕಟ್ಟಿಸಿದ್ದೇನೆ, ತಮ್ಮನನ್ನು ಓದಿಸಿದ್ದೇನೆ, ಅದರ ಹೆಮ್ಮೆ ಇದೆ. ಈ ಸಂಕಟ ಮಾತ್ರ ಕರಗಿಲ್ಲ.

ಆದ್ದರಿಂದ ಕೈ ಬಿಡಬೇಡ ತಂಗಿ. ಮುಗಿಯುವವರೆಗೆ ಮಾತಾಡಿಸಬೇಡ, ಅವಸರ ಮಾಡಬೇಡ. ಮೂತ್ರ ಕಡಿಮೆಯಾಯಿತು ಅನ್ನಿಸಿದರೆ ಮರುದಿನಕ್ಕೆ ಕಾಯದೆ ಅವರ ಮಕ್ಕಳಿಗೆ ಹೇಳು, ಶನಿವಾರವಾದರೂ ಸರಿ. ಜೀವದ ಪ್ರಶ್ನೆ ಬಂದಾಗ ಅವರ ಧರ್ಮವೇ ಫೋನ್ ಎತ್ತು ಅನ್ನುತ್ತದೆ.