ಜೀಪು ಆ್ಯಪಿನಲ್ಲೋ, ಫೋನಿನಲ್ಲೋ?

ಓದುಗರ ಪ್ರವಾಸದ ಪ್ರಶ್ನೆಗಳಿಗೆ ಮಡಿಕೇರಿ ಪಕ್ಕದ ಹೋಂಸ್ಟೇ ಒಡತಿಯೊಬ್ಬರು ಉತ್ತರಿಸಿದ್ದಾರೆ.

ಪ್ರಶ್ನೆ: ಡಿಸೆಂಬರ್ ರಜೆಗೆ ನಾವು ಎಂಟು ಜನ ಮಡಿಕೇರಿಗೆ ಬರುತ್ತಿದ್ದೇವೆ. ಮಾಂದಲ್‌ಪಟ್ಟಿ ಬೆಟ್ಟಕ್ಕೆ ಜೀಪು, ದುಬಾರೆ ಆನೆ ಶಿಬಿರ, ತಡಿಯಂಡಮೋಳ್ ಚಾರಣ ಮೂರೂ ಸೇರಿದ ಪ್ಯಾಕೇಜ್ ಒಂದು ಆ್ಯಪಿನಲ್ಲಿದೆ. ಮೂರು ದಿನದಿಂದ ‘ಎರಡೇ ಬಾಕಿ’ ಅಂತ ತೋರಿಸುತ್ತಿದೆ. ನನ್ನ ಮೈದುನ ಮಾತ್ರ, ‘ಸುಮ್ನೆ ಅಲ್ಲಿಗೇ ಹೋಗಿ ಮಾತಾಡೋಣ, ಅರ್ಧಕ್ಕೆ ಆಗುತ್ತೆ’ ಅನ್ನುತ್ತಾನೆ. ಯಾರ ಮಾತು ಕೇಳಲಿ?
– ಶಿಕ್ಷಕಿ, ದಾವಣಗೆರೆ

ಉತ್ತರ: ಮೇಡಂ, ಈ ಮೂರನ್ನೂ ಒಂದೇ ಗಂಟಲ್ಲಿ ಕಟ್ಟಬೇಡಿ. ಮೂರಕ್ಕೂ ದಾರಿ ಬೇರೆ ಬೇರೆ.

ತಡಿಯಂಡಮೋಳ್ ನಮ್ಮ ಜಿಲ್ಲೆಯ ಅತಿ ಎತ್ತರದ ಬೆಟ್ಟ, 1,748 ಮೀಟರ್. 2024ರ ಜನವರಿಯಲ್ಲಿ ಕುಮಾರ ಪರ್ವತದ ದಾರಿಯಲ್ಲಿ ಜಾತ್ರೆಯಂತೆ ಜನ ಸೇರಿದರು ನೋಡಿ, ಅದಾದ ಮೇಲೆ ಚಾರಣಕ್ಕೆ ಮೊದಲೇ ಆನ್‌ಲೈನ್ ಬುಕಿಂಗ್ ಎಂಬ ನಿಯಮ ಬಿಗಿಯಾಯಿತು. ಅರಣ್ಯ ಇಲಾಖೆಯದೇ ‘ಅರಣ್ಯ ವಿಹಾರ’ ವೆಬ್‌ಸೈಟ್ ಇದೆ. ಪ್ಯಾಕೇಜಿನವರು ‘ಪರ್ಮಿಟ್ ಸೇರಿದೆ’ ಅಂದರೂ ಅವರೂ ಅಲ್ಲೇ ತುಂಬಬೇಕು. ಆ ಕೆಲಸ ನೀವೇ ಮಾಡಿ. ದುಬಾರೆಗೆ ಇಷ್ಟೆಲ್ಲ ತಲೆ ಕೆಡಿಸಿಕೊಳ್ಳಬೇಡಿ. ಆನೆಗಳ ಸ್ನಾನ ನೋಡಬೇಕು ಅಂದರೆ ಬೆಳಗ್ಗೆ ಬೇಗ ಹೋಗಿ, ಅಷ್ಟೇ.

ಇನ್ನು ಜೀಪು. ಇಲ್ಲಿ ಬಾಡಿಗೆ ಮಾತಾಡುವುದು ಒಂದು ಜೀಪಿಗೆ ಇಷ್ಟು ಅಂತ. ಆ್ಯಪಿನಲ್ಲಿ ಬಹಳ ಸಲ ತಲೆಗೆ ಇಷ್ಟು ಅಂತ ಇರುತ್ತೆ. ಎಂಟು ಜನಕ್ಕೆ ಗುಣಿಸಿ ನೋಡಿ, ಆಗ ಲೆಕ್ಕ ಗೊತ್ತಾಗುತ್ತೆ. ನೀವು ಆ್ಯಪಿಗೆ ಕೊಟ್ಟ ದುಡ್ಡು ನೇರವಾಗಿ ಡ್ರೈವರ್ ಕೈಗೆ ಬರುವುದಿಲ್ಲ. ಆ್ಯಪು ತನ್ನ ಕಮಿಷನ್ ಹಿಡಿಯುತ್ತೆ, ನೂರಕ್ಕೆ ಹದಿನೈದರಿಂದ ಇಪ್ಪತ್ತೈದು ಸಾಮಾನ್ಯ. ನಡುವೆ ಏಜೆಂಟ್ ಇದ್ದರೆ ಅವನದೂ ಒಂದು ಪಾಲು. ಆ ಏಜೆಂಟ್ ಹಿಂದಿನ ರಾತ್ರಿ ಒಂಬತ್ತಕ್ಕೆ ನಮ್ಮೂರಿಗೆ ಫೋನ್ ಮಾಡಿ, ‘ನಾಳೆ ಐದಕ್ಕೆ ಒಂದು ಜೀಪು ಇದ್ದರೆ ಕಳಿಸಿ’ ಅನ್ನುತ್ತಾನೆ. ಇಂಥ ಫೋನು ನನಗೇ ಎಷ್ಟೋ ಬಂದಿದೆ.

ಎರಡು ವರ್ಷದ ಹಿಂದೆ ನಮ್ಮ ಅಂಗಳದಲ್ಲೇ ಆದದ್ದು ಹೇಳುತ್ತೇನೆ. ಬೆಳಗಿನ ಐದು ಗಂಟೆ, ಕೊರೆಯುವ ಚಳಿ. ಅತಿಥಿಗಳು ಮಂಕಿಕ್ಯಾಪ್ ಹಾಕಿಕೊಂಡು, ಮಲಗಿದ್ದ ಮಗುವನ್ನು ಹೆಗಲಿಗೆ ಹಾಕಿಕೊಂಡು ನಿಂತಿದ್ದಾರೆ. ಜೀಪು ಬರಲಿಲ್ಲ. ಫೋನಿನಲ್ಲಿ ವೋಚರ್ ಇದೆ, ಸಹಾಯವಾಣಿ ನಂಬರೂ ಇದೆ, ಆದರೆ ಆ ಆಫೀಸು ತೆರೆಯುವುದು ಹತ್ತಕ್ಕೆ! ನಮ್ಮ ಮನೆಯಲ್ಲಿ ನೆಟ್‌ವರ್ಕ್ ಸಿಗುವುದೂ ಮೆಟ್ಟಿಲ ಮೇಲೆ ನಿಂತರೆ ಮಾತ್ರ. ಕೊನೆಗೆ ಪಕ್ಕದ ಮನೆಯವರನ್ನು ಎಬ್ಬಿಸಿ ಅವರ ಜೀಪಿನಲ್ಲಿ ಕಳಿಸಿದೆ. ಆ್ಯಪಿನ ದುಡ್ಡು ವಾಪಸ್ ಬರಲು ತಿಂಗಳಾಯಿತು. ಹಾಗಾಗಿ ನಾನು ಮೊದಲು ಕೇಳುವುದು ರೇಟಲ್ಲ, ಬೆಳಗ್ಗೆ ಐದಕ್ಕೆ ಫೋನ್ ಎತ್ತುವವರು ಯಾರು ಅಂತ.

ಹಾಗಂತ ನಿಮ್ಮ ಮೈದುನನ ಲೆಕ್ಕವೂ ಸರಿಯಿಲ್ಲ. ಕ್ರಿಸ್‌ಮಸ್ ವಾರದಲ್ಲಿ ಜೀಪು ಕಮ್ಮಿ, ಕೇಳುವವರು ಜಾಸ್ತಿ. ಅರ್ಧಕ್ಕೆ ಯಾರೂ ಬರುವುದಿಲ್ಲ. ಅಲ್ಲೇ ನಿಂತವರ ಅವಸರ ನೋಡಿ ರೇಟು ಏರಿಸುವವರು ನಮ್ಮೂರಲ್ಲೂ ಇದ್ದಾರೆ, ಮುಚ್ಚಿಟ್ಟು ಏನು ಪ್ರಯೋಜನ? ಒಂದು ವಾರ ಮೊದಲು ನೀವು ಉಳಿಯುವ ಮನೆಯವರ ಮೂಲಕ ಡ್ರೈವರ್ ಜೊತೆಗೇ ಮಾತಾಡಿ. ಇಡೀ ಜೀಪಿಗೆ ಎಷ್ಟು, ಚೆಕ್‌ಪೋಸ್ಟಿನ ಪ್ರವೇಶ ಶುಲ್ಕ ಬೇರೆಯಾ, ಮೇಲೆ ಎಷ್ಟು ಹೊತ್ತು ಕಾಯುತ್ತಾರೆ, ದಾರಿ ಮುಚ್ಚಿದರೆ ಮುಂಗಡ ವಾಪಸ್ಸಾ? ಉತ್ತರವನ್ನು ವಾಟ್ಸ್‌ಆ್ಯಪಿನಲ್ಲಿ ಬರೆಸಿಕೊಳ್ಳಿ. ಮುಂಗಡ ಸ್ವಲ್ಪವೇ ಕೊಡಿ. ಕ್ಯೂಆರ್ ಸ್ಕ್ಯಾನ್ ಮಾಡಿದಾಗ ಬರುವ ಹೆಸರಿಗೂ ಮಾತಾಡಿದವರ ಹೆಸರಿಗೂ ಸಂಬಂಧವೇ ಇಲ್ಲದಿದ್ದರೆ ಕೈ ತಡೆಯಿರಿ. ಮಂಜು ಕವಿದು ಏನೂ ಕಾಣಲಿಲ್ಲ ಅಂದರೆ ಮಾತ್ರ ಜಗಳ ಆಡಬೇಡಿ, ಅದು ಡ್ರೈವರ್ ಕೈಯಲ್ಲಿಲ್ಲ.

ನೇರ ಬುಕಿಂಗಿನ ಹುಳುಕೂ ನನಗೆ ಗೊತ್ತು. ಒಂದು ಹುತ್ತರಿ ಹಬ್ಬದ ಸಮಯದಲ್ಲಿ ಫೋನಿನಲ್ಲಿ ‘ಬನ್ನಿ’ ಅಂದವಳು ಡೈರಿಯಲ್ಲಿ ಬರೆಯುವುದನ್ನೇ ಮರೆತೆ. ರಾತ್ರಿ ಎಂಟಕ್ಕೆ ತುಮಕೂರಿನ ಕುಟುಂಬ ಬಾಗಿಲಲ್ಲಿ, ರೂಮೆಲ್ಲ ಭರ್ತಿ. ನಮ್ಮ ಮಲಗುವ ಕೋಣೆ ಅವರಿಗೆ ಕೊಟ್ಟು, ನಾವು ಕಾಫಿ ಮೂಟೆಗಳ ಪಕ್ಕ ಚಾಪೆ ಹಾಸಿಕೊಂಡೆವು. ಆ್ಯಪಿನ ಕ್ಯಾಲೆಂಡರ್ ಇಂಥ ಮರೆವಿಗೆ ಅವಕಾಶ ಕೊಡುವುದಿಲ್ಲ. ರೂಮಿಗೆ ನಾನೂ ಆ್ಯಪು ಇಟ್ಟುಕೊಂಡಿರುವುದು ಅದಕ್ಕೇ.

ಅಂದಹಾಗೆ, ಆ ‘ಎರಡೇ ಬಾಕಿ’. ಗ್ರಾಹಕರನ್ನು ಸಿಕ್ಕಿಸುವ ಹದಿಮೂರು ಆನ್‌ಲೈನ್ ಕಸರತ್ತುಗಳನ್ನು ಕೇಂದ್ರ ಸರ್ಕಾರ 2023ರ ನವೆಂಬರ್‌ನಲ್ಲಿ ಪಟ್ಟಿ ಮಾಡಿ ಬೇಡ ಎಂದಿದೆ. ಸುಳ್ಳು ಅವಸರ ಹುಟ್ಟಿಸುವುದು ಅದರಲ್ಲೊಂದು. ಕಮ್ಮಿ ರೇಟು ತೋರಿಸಿ ಕೊನೆಯ ಪುಟದಲ್ಲಿ ಫೀ ಸೇರಿಸುವುದು ಇನ್ನೊಂದು. ಮೂರು ದಿನದಿಂದ ಎರಡೇ ಉಳಿದಿದೆ ಅಂದರೆ ನಿಮಗೇ ಅರ್ಥವಾಗಿರಬೇಕಲ್ವಾ?

ಪ್ರಶ್ನೆ: ಜುಲೈನಲ್ಲಿ ದಕ್ಷಿಣ ಕೊಡಗಿನ ಬರಪೊಳೆಯಲ್ಲಿ ರಾಫ್ಟಿಂಗಿಗೆ ಒಂದು ವೆಬ್‌ಸೈಟಿನಲ್ಲಿ ಹಣ ಕಟ್ಟಿದ್ದೆ. ನೀರು ಜಾಸ್ತಿಯಾಗಿ ರದ್ದಾಯಿತು. ವೆಬ್‌ಸೈಟಿನವರು ‘ರಾಫ್ಟಿಂಗಿನವರನ್ನು ಕೇಳಿ’ ಅನ್ನುತ್ತಾರೆ, ಅವರು ‘ಹಣ ನಮಗೆ ಬಂದೇ ಇಲ್ಲ’ ಅನ್ನುತ್ತಾರೆ.
– ಬ್ಯಾಂಕ್ ನೌಕರ, ಹುಬ್ಬಳ್ಳಿ

ಉತ್ತರ: ಬರಪೊಳೆಯ ಕಥೆಯೇ ಹಾಗೆ ಸರ್. ರಾಫ್ಟಿಂಗ್ ನಡೆಯುವುದು ಮಳೆಗಾಲದಲ್ಲೇ, ನಿಲ್ಲಿಸುವುದೂ ಆ ಮಳೆಯೇ. ನಿಲ್ಲಿಸಿದವರು ಒಳ್ಳೆಯದೇ ಮಾಡಿದರು. ಮೊದಲು ಅವರಿಂದ ‘ಈ ದಿನ ನಾವೇ ರದ್ದು ಮಾಡಿದೆವು, ಹಣ ಬಂದಿಲ್ಲ’ ಅಂತ ಒಂದು ಮೆಸೇಜ್ ಹಾಕಿಸಿಕೊಳ್ಳಿ. ನಿಮ್ಮ ಹಣ ಪಡೆದದ್ದು ವೆಬ್‌ಸೈಟ್, ಹಾಗಾಗಿ ಆ ಮೆಸೇಜನ್ನು ಅದರ ಕುಂದುಕೊರತೆ ಅಧಿಕಾರಿಗೆ ಕಳಿಸಿ. 2020ರ ಇ-ಕಾಮರ್ಸ್ ನಿಯಮದಂತೆ ದೂರು ತಲುಪಿದೆ ಎಂದು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳಲ್ಲಿ ಪರಿಹರಿಸಬೇಕು. ಆಗಲಿಲ್ಲ ಅಂದರೆ 1915ಕ್ಕೆ ಕರೆ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಕೇಸು ಹಾಕಬೇಕಾದರೂ ಮಡಿಕೇರಿಗೆ ಓಡಾಡಬೇಕಿಲ್ಲ. 2019ರ ಕಾಯ್ದೆಯಲ್ಲಿ ನೀವು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಕಾರ್ಡಿನಲ್ಲಿ ಕಟ್ಟಿದ್ದರೆ ಬ್ಯಾಂಕಿನಲ್ಲಿ ತಕರಾರು ಎತ್ತುವ ದಾರಿ ನಿಮಗೇ ನನಗಿಂತ ಚೆನ್ನಾಗಿ ಗೊತ್ತು.

ಪ್ರಶ್ನೆ: ಅಕ್ಕಾ, ನನ್ನದೊಂದು ಜೀಪು ಇದೆ. ಆ್ಯಪಿಗೆ ಸೇರಲಾ?
– ಯುವಕ, ಸೋಮವಾರಪೇಟೆ

ಉತ್ತರ: ಸೇರು ತಮ್ಮಾ, ಆದರೆ ಎಲ್ಲ ದಿನವನ್ನೂ ಅವರಿಗೆ ಬರೆದುಕೊಡಬೇಡ. ಖಾಲಿ ಹೊಡೆಯುವ ಮಂಗಳವಾರ, ಬುಧವಾರ ಆ್ಯಪಿಗಿರಲಿ, ಶನಿವಾರ, ಭಾನುವಾರ ನಿನ್ನ ಫೋನಿಗಿರಲಿ. ‘ಮೊದಲು ನೋಂದಣಿ ಫೀ ಕಳಿಸಿ’ ಅಂತ ಫೋನ್ ಮಾಡುವವರಿಗೆ ಒಂದು ಪೈಸೆಯನ್ನೂ ಕೊಡಬೇಡ. ಮತ್ತೆ, ನಿನ್ನ ಜೀಪಿಗೆ ಹಳದಿ ಬೋರ್ಡ್ ಇದೆಯಾ? ಅದನ್ನು ಬರೆದೇ ಇಲ್ಲ. ಬಿಳಿ ಬೋರ್ಡಿನಲ್ಲಿ ಬಾಡಿಗೆ ಹೊಡೆಯುವಾಗ ಏನಾದರೂ ಆದರೆ ಇನ್ಶೂರೆನ್ಸಿನವರು ಕೈ ಎತ್ತಬಹುದು. ಮೊದಲು ಆರ್‌ಟಿಓ ಕೆಲಸ ಮುಗಿಸು, ಆ್ಯಪು ಆಮೇಲೆ.