ನಮ್ಮ ಭಾಗದಲ್ಲೇ ಆಕ್ಯುಪೇಶನಲ್ ಥೆರಪಿ ಕೋರ್ಸ್ ತೆರೆಯುವಂತೆ ಒತ್ತಾಯಿಸುವುದು ಹೇಗೆ?

ನಿಮ್ಮ ಭಾಗದಲ್ಲಿ ಒಬ್ಬರೂ ಆಕ್ಯುಪೇಶನಲ್ ಥೆರಪಿಸ್ಟ್ ಇಲ್ಲ, ಕಲಿಯಲು ಹೊರಗೆ ಹೋದವರು ಮರಳುವುದಿಲ್ಲ, ಇಲ್ಲೇ ಕಲಿಸಿ ಎಂದು ಅಧಿಕಾರಿಗಳನ್ನು ಒಪ್ಪಿಸುವುದು ಹೇಗೆ ಎಂದು ಕೇಳಿದ್ದೀರಿ. ನಾನು ಇದೇ ವೃತ್ತಿಯವಳು. ಕಾಯಿಲೆ, ಗಾಯ ಅಥವಾ ಅಂಗವೈಕಲ್ಯದಿಂದ ಕಷ್ಟವಾದ ದಿನನಿತ್ಯದ ಕೆಲಸಗಳನ್ನು ಜನ ಸ್ವತಃ ಮಾಡಿಕೊಳ್ಳುವಂತೆ ಕಲಿಸುವುದು ನಮ್ಮ ಕೆಲಸ. ಇಂಥದೇ ಮನವಿ ಹಿಡಿದು ಮೆಟ್ಟಿಲು ಹತ್ತಿ ಇಳಿದಿದ್ದೇನೆ.

ಮೊದಲ ಸಲ ಸೋತೆ. ಎದುರಿಗಿದ್ದ ಅಧಿಕಾರಿ ಪತ್ರದ ವಿಷಯ ಓದಿ, "ಇದು ಉದ್ಯೋಗ ಇಲಾಖೆಗೆ ಹೋಗಬೇಕಲ್ಲವೇ?" ಎಂದರು. ತಪ್ಪು ಅವರದಲ್ಲ, ನಮ್ಮ ವೃತ್ತಿಯ ಹೆಸರೇ ಹಾಗಿದೆ, 'ಆಕ್ಯುಪೇಶನ್' ಎಂದರೆ ಉದ್ಯೋಗ ಎಂದೇ ಎಲ್ಲರಿಗೂ ಅನಿಸುತ್ತದೆ.

ಎರಡನೆಯ ಸಲ ಒಂದು ಅಂಗಿ ಒಯ್ದೆ. ಎಡಗೈ ಆಡಿಸದೆ ತೊಟ್ಟುಕೊಳ್ಳಿ ಎಂದೆ. ಅವರು ಬಲಗೈಯನ್ನು ಮೊದಲು ತೂರಿಸಿ ಸಿಕ್ಕಿಹಾಕಿಕೊಂಡರು. ಸ್ವಾಧೀನವಿಲ್ಲದ ಕೈಯನ್ನು ಮೊದಲು ಅಂಗಿಯ ತೋಳಿಗೆ ಸೇರಿಸಬೇಕು, ಬಿಚ್ಚುವಾಗ ಅದನ್ನು ಕೊನೆಗೆ ತೆಗೆಯಬೇಕು. ಇಷ್ಟನ್ನು ಹೇಳಿಕೊಡುವವರಿಲ್ಲದೆ ಪಾರ್ಶ್ವವಾಯು ಬಡಿದವರು ವರ್ಷಗಟ್ಟಲೆ ಬೇರೆಯವರ ಕೈಯಿಂದ ಬಟ್ಟೆ ತೊಡಿಸಿಕೊಳ್ಳುತ್ತಾರೆ. "ಹಾಗಾದರೆ ಒಂದು ವಿಡಿಯೊ ಸಾಕಲ್ಲ?" ಎಂದರು. ಈ ಪ್ರಶ್ನೆ ನಿಮಗೂ ಬರುತ್ತದೆ, ಉತ್ತರ ಸಿದ್ಧವಿರಲಿ. ಒಬ್ಬರ ಕೈಗೆ ಬಲವಿರುವುದಿಲ್ಲ. ಇನ್ನೊಬ್ಬರ ಮೆದುಳು ಎಡಭಾಗವನ್ನೇ ಗಮನಿಸುವುದಿಲ್ಲ. ಮತ್ತೊಬ್ಬರಿಗೆ ಕೈ ಆಡುತ್ತದೆ, ಆದರೆ ಅಂಗಿಯನ್ನು ಏನು ಮಾಡಬೇಕೆಂದೇ ತೋಚುವುದಿಲ್ಲ. ಮೂವರೂ ಅಂಗಿ ಹಿಡಿದು ಸುಮ್ಮನೆ ಕೂತಿರುತ್ತಾರೆ. ಯಾರಿಗೆ ಯಾವುದು ಅಡ್ಡಿ ಎಂದು ಕಂಡುಹಿಡಿಯುವುದೇ ನಮ್ಮ ಕಲಿಕೆ.

ಇನ್ನು ಮುಖ್ಯ ಮಾತಿಗೆ ಬರುತ್ತೇನೆ. ಕಟ್ಟಡ, ಸೀಟು ಎಂದು ಶುರುಮಾಡಬೇಡಿ. 1952ರಲ್ಲಿ ಸ್ಥಾಪನೆಯಾದ ವಿಶ್ವ ಆಕ್ಯುಪೇಶನಲ್ ಥೆರಪಿಸ್ಟರ ಒಕ್ಕೂಟದ ಕನಿಷ್ಠ ಮಾನದಂಡದಂತೆ ಪ್ರತಿ ವಿದ್ಯಾರ್ಥಿಯೂ ಕನಿಷ್ಠ 1000 ಗಂಟೆ ಕ್ಷೇತ್ರ ತರಬೇತಿ, ಅಂದರೆ ಮೇಲ್ವಿಚಾರಣೆಯಲ್ಲಿ ಪ್ರತ್ಯಕ್ಷ ಕೆಲಸದ ಅಭ್ಯಾಸ, ಪಡೆಯಬೇಕು. ಇಪ್ಪತ್ತು ವಿದ್ಯಾರ್ಥಿಗಳಿದ್ದರೆ 20,000 ಗಂಟೆ. ಅಷ್ಟು ಹೊತ್ತು ಅವರ ಮೇಲ್ವಿಚಾರಣೆ ನೋಡಿಕೊಳ್ಳಲು ಅನುಭವಿ ಥೆರಪಿಸ್ಟರು ಬೇಕು, ನಿಮ್ಮಲ್ಲಿ ಒಬ್ಬರೂ ಇಲ್ಲ. ಕೋರ್ಸುಗಳು ಎಡವುವುದು ಇಲ್ಲಿಯೇ. ಆದ್ದರಿಂದ ಮೊದಲು ಆಸ್ಪತ್ರೆಯಲ್ಲಿ ಎರಡು ಮೂರು ಕಾಯಂ ಹುದ್ದೆ ಕೇಳಿ. ಅವು ಭರ್ತಿಯಾದ ಮೇಲೆ, ಹೊರಗಿನ ಕಾಲೇಜಿನ ವಿದ್ಯಾರ್ಥಿಗಳನ್ನು ಕ್ಷೇತ್ರ ತರಬೇತಿಗೆ ಕರೆಸಿ. ಕೋರ್ಸ್ ಆಮೇಲೆ. ಹುದ್ದೆಯೇ ಇಲ್ಲದ ಕಡೆ ಕಲಿಸಿದರೆ, ಕಲಿತವರು ಪ್ರಮಾಣಪತ್ರ ಹಿಡಿದು ಬಸ್ ಹತ್ತುತ್ತಾರೆ. ಅವರನ್ನು ದೂರಿ ಫಲವಿಲ್ಲ.

"ಆರು ತಿಂಗಳ ಸರ್ಟಿಫಿಕೇಟ್ ಕೊಟ್ಟುಬಿಡೋಣ" ಎಂಬ ಮಾತೂ ಬಂದೇ ಬರುತ್ತದೆ. ಸಹಾಯಕರನ್ನು ತಯಾರು ಮಾಡಲು ಸರಿ, ಥೆರಪಿಸ್ಟರ ಬದಲಿಗೆ ಬೇಡ ಎಂದು ಖಡಾಖಂಡಿತವಾಗಿ ಹೇಳಿ.

ಅಂಕಿಅಂಶದ ವಿಷಯ. ಪುನಶ್ಚೇತನ ಸೇವೆಯಿಂದ ಪ್ರಯೋಜನ ಪಡೆಯಬಹುದಾದವರು ಜಗತ್ತಿನಲ್ಲಿ ಸುಮಾರು 240 ಕೋಟಿ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಇದನ್ನು ಹೇಳಿದಾಗ ಸಭೆಯಲ್ಲಿ ಆಕಳಿಕೆ ಕಂಡಿದ್ದೇನೆ. ಅದೇ, ನಮ್ಮ ಆಸ್ಪತ್ರೆಯಿಂದ ಕಳೆದ ವರ್ಷ ಪಾರ್ಶ್ವವಾಯುವಿನ ನಂತರ ಮನೆಗೆ ಹೋದವರೆಷ್ಟು, ಅವರಲ್ಲಿ ಥೆರಪಿಸ್ಟರನ್ನು ಕಂಡವರೆಷ್ಟು ಎಂಬ ಎರಡು ಸಾಲು ಮುಂದಿಟ್ಟಾಗ ಅಧಿಕಾರಿಯ ಕೈಗೆ ಪೆನ್ನು ಬಂತು. ಹಳ್ಳಿಗಾಡಿನ ವಿದ್ಯಾರ್ಥಿಗಳನ್ನು ಆರಿಸಿ, ಊರಿಗೆ ಹತ್ತಿರದಲ್ಲೇ ಕಲಿಸಿ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ 2021ರ ಮಾರ್ಗಸೂಚಿಯಲ್ಲಿ ಶಿಫಾರಸು ಮಾಡಿದೆ. ವಿಕಲಚೇತನರ ಹಕ್ಕುಗಳ ವಿಶ್ವಸಂಸ್ಥೆ ಒಡಂಬಡಿಕೆಯ 26ನೇ ವಿಧಿ ಪುನಶ್ಚೇತನ ಸಿಬ್ಬಂದಿಯ ತರಬೇತಿಯನ್ನು ಬೆಳೆಸಬೇಕೆಂದು ಸರ್ಕಾರಗಳಿಗೆ ಹೇಳುತ್ತದೆ. ಇವೆರಡನ್ನೂ ಪತ್ರದ ಕೊನೆಯಲ್ಲಿ ಸೇರಿಸಿ, ಮೊದಲಿಗಲ್ಲ.

ನಮ್ಮಲ್ಲಿ ಕೋರ್ಸ್ ಇನ್ನೂ ತೆರೆದಿಲ್ಲ. ಎರಡು ಹುದ್ದೆ ಮಂಜೂರಾಗಿವೆ, ಒಂದು ಭರ್ತಿಯಾಗಿದೆ. ಎರಡನೆಯದರ ಜಾಹೀರಾತಿಗಾಗಿ ಮುಂದಿನ ವಾರ ಮತ್ತೆ ಅದೇ ಮೆಟ್ಟಿಲು ಹತ್ತಬೇಕು.