2027ರಲ್ಲಿ ಯುರೋಪಿಗೆ ಹೋಗೋದಾದರೆ ಕಾಸೆಲ್ ಮತ್ತು ಮ್ಯೂನ್‌ಸ್ಟರ್ ಬಿಡಬೇಡಿ

2027ರ ಬೇಸಿಗೆಯಲ್ಲಿ ಗಂಡ ಹೆಂಡತಿ ಇಬ್ಬರೂ ಎರಡು ವಾರ ಯುರೋಪಿಗೆ ಹೋಗುತ್ತಿದ್ದೇವೆ, ಕಲೆ ಅಂದರೆ ಇಷ್ಟ ಆದರೆ ಅದನ್ನು ಓದಿಕೊಂಡವರಲ್ಲ, ದೊಡ್ಡ ಮ್ಯೂಸಿಯಂಗಳ ಕ್ಯೂ ಬಿಟ್ಟು ಯಾವ ಕಲಾ ಉತ್ಸವ ನೋಡಬಹುದು ಅಂತ ಕೇಳಿದ್ದೀರಿ. ನಾನಾದರೆ ಜರ್ಮನಿಗೆ ಹೋಗಿ ಅನ್ನುತ್ತೇನೆ. ಕಾಸೆಲ್ ಊರಿನ ಡಾಕ್ಯುಮೆಂಟಾ ಅನ್ನೋ ದೊಡ್ಡ ಕಲಾ ಪ್ರದರ್ಶನ ಐದು ವರ್ಷಕ್ಕೊಮ್ಮೆ ನಡೆಯುತ್ತದೆ, ಮ್ಯೂನ್‌ಸ್ಟರಿನ ಶಿಲ್ಪ ಪ್ರದರ್ಶನ ಹತ್ತು ವರ್ಷಕ್ಕೊಮ್ಮೆ. ಎರಡೂ ಕೂಡಿ ಬರುವ ಬೇಸಿಗೆ ನೀವು ಹೋಗುವ ವರ್ಷವೇ ಬಿದ್ದಿದೆ. ಇದು ತಪ್ಪಿದರೆ ಮುಂದಿನದು 2037ಕ್ಕೆ!

ಈ ಸಲದ್ದು 16ನೇ ಡಾಕ್ಯುಮೆಂಟಾ, ಜೂನ್ 12ರಿಂದ ಸೆಪ್ಟೆಂಬರ್ 19ರವರೆಗೆ, ಲೆಕ್ಕಕ್ಕೆ ಸರಿಯಾಗಿ 100 ದಿನ. ಇದು ಹುಟ್ಟಿದ ಕಥೆ ತಿಳಿದುಕೊಂಡು ಹೋದರೆ ನೋಡುವಾಗ ಸಹಾಯವಾಗುತ್ತದೆ. 1943ರ ಬಾಂಬ್ ದಾಳಿಯಲ್ಲಿ ಕಾಸೆಲ್ ಊರಿನ ನಡುಭಾಗ ಹಾಳಾಗಿತ್ತು. ನಾಜಿಗಳು ಕೆಟ್ಟ ಕಲೆ ಅಂತ ಹೆಸರಿಟ್ಟು ಮ್ಯೂಸಿಯಂಗಳಿಂದ ಹೊರಗೆ ಹಾಕಿದ್ದ ಕಲೆಯನ್ನು ಜನರಿಗೆ ಮತ್ತೆ ತೋರಿಸಬೇಕು ಅಂತ ಅದೇ ಊರಿನ ಅರ್ನಾಲ್ಡ್ ಬೋಡೆ 1955ರಲ್ಲಿ, ಯುದ್ಧದಲ್ಲಿ ಜಖಂ ಆಗಿದ್ದ ಫ್ರಿಡೆರಿಚಿಯಾನುಮ್ ಕಟ್ಟಡದಲ್ಲೇ ಇದನ್ನು ಶುರು ಮಾಡಿದರು. ಇವತ್ತಿಗೂ ಅದೇ ಮುಖ್ಯ ಕಟ್ಟಡ. ಜಗಳ, ವಾದ ಇಲ್ಲದ ಡಾಕ್ಯುಮೆಂಟಾ ಇಲ್ಲ ಅಂತಲೇ ಹೇಳಬಹುದು. 2022ರಲ್ಲಂತೂ ಯಹೂದಿಗಳನ್ನು ಕೀಳಾಗಿ ತೋರಿಸಿದೆ ಅಂತ ಒಂದು ದೊಡ್ಡ ಬ್ಯಾನರನ್ನು ಮೊದಲ ದಿನಗಳಲ್ಲೇ ಇಳಿಸಬೇಕಾಯಿತು, ಆ ಸಿಟ್ಟು ಪ್ರದರ್ಶನ ಮುಗಿಯುವವರೆಗೂ ಆರಲಿಲ್ಲ.

ಟಿಕೆಟ್ ತೆಗೆದುಕೊಳ್ಳುವ ಮೊದಲು ಆ ಕಟ್ಟಡದ ಎದುರಿನ ಮೈದಾನದಲ್ಲಿ ಸ್ವಲ್ಪ ನಿಲ್ಲಿ. ನೆಲದಲ್ಲಿ ಕೆಂಪು ಮರಳುಗಲ್ಲಿನ ಚಪ್ಪಡಿ ಇದೆ, ಅದರ ನಡುವೆ ಐದು ಸೆಂಟಿಮೀಟರ್ ಅಗಲದ ಹಿತ್ತಾಳೆ ಬಿಲ್ಲೆ. ಜನ ಗಮನಿಸದೆ ತುಳಿದುಕೊಂಡು ಹೋಗುತ್ತಾರೆ. ಅದು ಬಿಲ್ಲೆ ಅಲ್ಲ, ಒಂದು ಸರಳಿನ ತುದಿ. ಆ ಸರಳು ನೆಟ್ಟಗೆ ಒಂದು ಕಿಲೋಮೀಟರ್ ಭೂಮಿಯೊಳಗೆ ಇಳಿದಿದೆ. ಇದೂ ಒಂದು ಕಲಾಕೃತಿ, ಕಲಾವಿದ ವಾಲ್ಟರ್ ಡಿ ಮರಿಯಾ 1977ರಲ್ಲಿ ಕೊಳವೆಬಾವಿ ತರ ಕೊರೆಸಿ ಇಳಿಸಿದ್ದು. ನೋಡೋಕೆ ಏನೂ ಇಲ್ಲ, ಆದರೂ ಅದರ ಪಕ್ಕ ನಿಂತರೆ ಕಾಲ ಕೆಳಗಿನ ಆಳ ಒಂಥರಾ ಮೈಗೆ ಗೊತ್ತಾಗುತ್ತದೆ. ನಿಮಗೆ ಕಲೆ ಓದಿಲ್ಲ ಅನ್ನೋ ಅಳುಕು ಇದೆಯಲ್ವಾ, ಇದಕ್ಕೆ ಯಾವ ಓದು ಬೇಕು ಹೇಳಿ?

ಊರಿನ ತುಂಬ ಇರುವ ಮರಗಳನ್ನೂ ನೋಡಿ. 1982ರಲ್ಲಿ ಜರ್ಮನ್ ಕಲಾವಿದ ಯೋಸೆಫ್ ಬಾಯ್ಸ್ ಇದೇ ಮೈದಾನದಲ್ಲಿ 7000 ಬಸಾಲ್ಟ್ ಕಲ್ಲುಗಳನ್ನು ರಾಶಿ ಹಾಕಿಸಿದರು. ಊರಲ್ಲಿ ಒಂದು ಮರ ನೆಟ್ಟರೆ ಮಾತ್ರ ಒಂದು ಕಲ್ಲು ಇಲ್ಲಿಂದ ಎತ್ತಿ ಅದರ ಪಕ್ಕ ನೆಡಬಹುದು ಅಂತ ನಿಯಮ. ಹಾಗಾಗಿ ರಾಶಿ ಕರಗಬೇಕಾದರೆ ಊರು ಹಸಿರಾಗಲೇಬೇಕು. ಬಾಯ್ಸ್ 1986ರಲ್ಲಿ ತೀರಿಕೊಂಡರು, ಕೊನೆಯ ಮರವನ್ನು 1987ರಲ್ಲಿ ಅವರ ಮಗ ನೆಟ್ಟರು. ಆಗ ಸಸಿಗಿಂತ ಕಲ್ಲೇ ದಪ್ಪ ಇತ್ತು. ಈಗ ಎಷ್ಟೋ ಕಡೆ ಓಕ್ ಮರದ ಬೊಡ್ಡೆ ಉಬ್ಬಿ ಕಲ್ಲನ್ನು ಒತ್ತಿಕೊಂಡು ನಿಂತಿದೆ, ಬುಡದಲ್ಲಿ ಸೈಕಲ್ ಒರಗಿಸಿರುತ್ತಾರೆ, ಮೇಲೆ ಮನೆಗಳ ಕಿಟಕಿಗೆಲ್ಲ ನೆರಳು. ಕಾಸೆಲ್‌ನಲ್ಲಿ ನನಗೆ ತುಂಬ ಇಷ್ಟವಾದದ್ದು ಇದೇ. ಇದು ಯಾವ ವರ್ಷ ಹೋದರೂ ಸಿಗುತ್ತದೆ, ದುಡ್ಡೂ ಇಲ್ಲ.

ಒಳಗಿನ ಪ್ರದರ್ಶನಕ್ಕೆ ಎರಡು ಪೂರ್ತಿ ದಿನ ಇಟ್ಟುಕೊಳ್ಳಿ. ಎಲ್ಲವನ್ನೂ ನೋಡಿ ಮುಗಿಸೋಕೆ ಹೋಗಬೇಡಿ, ಯಾರ ಕೈಲೂ ಆಗಲ್ಲ. ಮನಸ್ಸು ಹಿಡಿದದ್ದರ ಮುಂದೆ ಕೂತುಬಿಡಿ. ಕಣ್ಣು ಸೋತರೆ ಬೆಟ್ಟದ ಮೇಲಿನ ವಿಲ್‌ಹೆಲ್ಮ್ಸ್‌ಹ್ಯೋಹೆ ಉದ್ಯಾನಕ್ಕೆ ಹೋಗಿ, ಬೇಸಿಗೆಯಲ್ಲಿ ಬುಧವಾರ ಮತ್ತು ಭಾನುವಾರ ಅಲ್ಲಿ ಮೇಲಿಂದ ನೀರು ಬಿಡುತ್ತಾರೆ. ಪಂಪ್ ಇಲ್ಲದೆ, ಬರೀ ಇಳಿಜಾರಿನ ಒತ್ತಡದಲ್ಲೇ ಕಾರಂಜಿ ಆಳೆತ್ತರ ಎಷ್ಟೋ ಪಾಲು ಮೀರಿ ಚಿಮ್ಮುತ್ತದೆ.

ಮ್ಯೂನ್‌ಸ್ಟರ್ ಬೇರೆ ರೀತಿ. ಅಲ್ಲಿ ಬಾಡಿಗೆ ಸೈಕಲ್ ತೆಗೆದುಕೊಂಡು ಊರು ಸುತ್ತುತ್ತಾ ಶಿಲ್ಪ ಹುಡುಕಬೇಕು, ಟಿಕೆಟ್ ಇಲ್ಲ. 70ರ ದಶಕದಲ್ಲಿ ಒಂದು ಆಧುನಿಕ ಶಿಲ್ಪ ನಿಲ್ಲಿಸುವ ವಿಚಾರಕ್ಕೆ ಊರವರು ಭಾರೀ ವಿರೋಧ ಮಾಡಿದ್ದರಿಂದಲೇ, ಜನರಿಗೆ ಇದೆಲ್ಲ ಏನು ಅಂತ ಪರಿಚಯ ಮಾಡಿಕೊಡೋಣ ಅಂತ 1977ರಲ್ಲಿ ಇದು ಶುರುವಾಯಿತು. ಆ ವರ್ಷದ ಓಲ್ಡನ್‌ಬರ್ಗ್ ಅವರ ಮೂರು ದೈತ್ಯ ಕಾಂಕ್ರೀಟ್ ಗುಂಡುಗಳು ಆಝೇ ಕೆರೆಯ ದಡದಲ್ಲಿ ಇನ್ನೂ ಇವೆ. ಆಗ ವಿದ್ಯಾರ್ಥಿಗಳು ಅವನ್ನು ಕೆರೆಗೆ ಉರುಳಿಸೋಕೆ ನೋಡಿದ್ದರು, ಈಗ ಅದೇ ಜಾಗದಲ್ಲಿ ಜನ ಬುತ್ತಿ ಬಿಚ್ಚಿ ಕೂರುತ್ತಾರೆ. ಸಂಜೆ ಲಾಂಬರ್ಟಿ ಚರ್ಚಿನ ಗೋಪುರ ನೋಡೋದು ಮರೆಯಬೇಡಿ. 1536ರಲ್ಲಿ ಕೊಂದ ಮೂವರು ಬಂಡಾಯಗಾರರ ಹೆಣಗಳನ್ನು ತೂಗುಹಾಕಿದ ಕಬ್ಬಿಣದ ಪಂಜರಗಳು ಅಲ್ಲಿವೆ. 1987ರಲ್ಲಿ ಲೋಥಾರ್ ಬೌಮ್‌ಗಾರ್ಟನ್ ಪ್ರತಿ ಪಂಜರದೊಳಗೆ ಒಂದೊಂದು ಸಣ್ಣ ದೀಪ ಇಟ್ಟರು, ಅಷ್ಟೇ.

ಹಾಗಾದರೆ ವೆನಿಸ್? ಅಲ್ಲಿನ ಬಿಯೆನಾಲೆ, ಅಂದರೆ ಎರಡು ವರ್ಷಕ್ಕೊಮ್ಮೆ ಬರುವ ಪ್ರದರ್ಶನ, 1895ರಿಂದ ನಡೆಯುತ್ತಿದೆ, ಚೆನ್ನಾಗಿದೆ, ಆದರೆ 2027ರಲ್ಲಿ ಅಲ್ಲಿರೋದು ವಾಸ್ತುಶಿಲ್ಪದ ಬಿಯೆನಾಲೆ. ಕೋವಿಡ್‌ನಿಂದ ಒಂದು ವರ್ಷ ಮುಂದೆ ಹೋದ ಮೇಲೆ ಕಲೆಯದು ಸಮ ಸಂಖ್ಯೆಯ ವರ್ಷಗಳಿಗೆ ಬಿದ್ದಿದೆ. ನಮ್ಮವರು ಕಾಸೆಲ್, ವೆನಿಸ್ ಎರಡೂ ಕಡೆ ಗಟ್ಟಿಯಾಗಿಯೇ ನಿಂತಿದ್ದಾರೆ. ಭದ್ರಾವತಿಯಲ್ಲಿ ಹುಟ್ಟಿದ ಶೀಲಾ ಗೌಡ 2007ರಲ್ಲಿ ಡಾಕ್ಯುಮೆಂಟಾದಲ್ಲಿದ್ದರು. 2009ರಲ್ಲಿ ವೆನಿಸ್‌ನಲ್ಲಿ, ದೇವಸ್ಥಾನಗಳಲ್ಲಿ ಮುಡಿ ಕೊಟ್ಟ ಕೂದಲಿನಿಂದ ಹೊಸೆದ ಸುಮಾರು ನಾಲ್ಕು ಕಿಲೋಮೀಟರ್ ಹಗ್ಗದಲ್ಲಿ ಕಾರಿನ ಬಂಪರ್‌ಗಳನ್ನು ತೂಗುಬಿಟ್ಟರು. ನಮ್ಮ ಕಡೆ ಡ್ರೈವರ್‌ಗಳು ದೃಷ್ಟಿ ತಾಗದಿರಲಿ ಅಂತ ಬಂಪರಿಗೆ ಕಟ್ಟುತ್ತಾರಲ್ಲ, ಅದೇ ಹಗ್ಗ. 2019ರಲ್ಲಿ ವೆನಿಸ್ಸಿನಲ್ಲಿ ಭಾರತದ ಪ್ರದರ್ಶನಕ್ಕೆ ಮೀಸಲಾದ ಪೆವಿಲಿಯನ್‌ನಲ್ಲಿ ಸಿಂದಗಿ ಕಡೆಯ ಜಿ. ಆರ್. ಈರಣ್ಣ ಅವರ 'ನಾವು' ಇತ್ತು, ಗೋಡೆ ತುಂಬ ನೂರಾರು ಮರದ ಪಾದುಕೆಗಳು.

ನಾಟಕ ಇಷ್ಟ ಇದ್ದರೆ ಜುಲೈಯಲ್ಲಿ ಫ್ರಾನ್ಸಿನ ಅವಿನ್ಯೋನ್ ಸೇರಿಸಿಕೊಳ್ಳಿ, ಪೋಪ್‌ಗಳ ಹಳೇ ಅರಮನೆಯ ಅಂಗಳದಲ್ಲಿ ರಾತ್ರಿ ಬಯಲಲ್ಲೇ ನಾಟಕ. ಆಗಸ್ಟಿನ ಎಡಿನ್‌ಬರೋ ಈ ಸಲಕ್ಕೆ ಬೇಡ, ಬ್ರಿಟನ್ನಿಗೆ ಬೇರೆ ವೀಸಾ ಬೇಕು, ಎರಡು ವಾರದಲ್ಲಿ ಹೊಂದಲ್ಲ. ಜರ್ಮನಿಯಲ್ಲೇ ಜಾಸ್ತಿ ದಿನ ಇರೋದಾದರೆ ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿ ನಡೆಯುವ ಷೆಂಗೆನ್ ವೀಸಾಗೆ ಜರ್ಮನಿಗೇ ಅರ್ಜಿ ಹಾಕಬೇಕು, ಆರು ತಿಂಗಳ ಮೊದಲಿನಿಂದ ಹಾಕಬಹುದು. ಕಾಸೆಲ್ ದೊಡ್ಡ ಊರೇನಲ್ಲ, ಆ 100 ದಿನ ರೂಮುಗಳು ಬೇಗ ತುಂಬುತ್ತವೆ. ರದ್ದು ಮಾಡಬಹುದಾದ ರೂಮನ್ನು ಈಗಲೇ ಹಿಡಿದಿಟ್ಟು ಆಮೇಲೆ ಉಳಿದದ್ದು ನೋಡಿ. ನಿಮ್ಮ ತಾರೀಖು ಗಟ್ಟಿಯಾದ ಮೇಲೆ ಇಲ್ಲೇ ಬರೆಯಿರಿ, ಯಾವ ದಿನ ಯಾವ ಊರು ಅಂತ ಕೂತು ಹೊಂದಿಸಿಕೊಡುತ್ತೇನೆ.